ದೇಶದ ಖಾತೆ ಬರೆದ ದಾದಾಭಾಯಿ ನವರೋಜಿ

ಹಳಬರು ಬೋರಿಬಂದರವೆಂದು ಕರೆಯುವ ನಿಲ್ದಾಣದಲ್ಲಿ ಗಾಡಿಯಿಳಿದು ಹುತಾತ್ಮಾ ಚೌಕದ ಕಡೆಗೆ ನಡೆಯುವ ನಮ್ಮಂಥ ಗುಮಾಸ್ತರು ದಿನವೂ ತುಳಿಯುವ ರಸ್ತೆಗೆ ದಾದಾಭಾಯಿ ನವರೋಜಿಯವರ ಹೆಸರಿದೆ. ಅಲ್ಲಿಯೇ ಅವರ ಪ್ರತಿಮೆಯೂ ಇದೆ. ಕಚೇರಿಯ ಹೊತ್ತು ಮೀರುವ ಆತುರದಲ್ಲಿ ನಾವು ಅದರತ್ತ ಕಣ್ಣೆತ್ತಿ ನೋಡುವುದು ಅಪರೂಪ. ಜಮಾ-ಖರ್ಚಿನ ಅಂಕಿಗಳಲ್ಲಿಯೇ ದಿನ ಕಳೆಯುವ ನಾವು, ಅದೇ ಅಂಕಿಗಳಿಂದ ಒಂದು ಸಾಮ್ರಾಜ್ಯವನ್ನು ಕಟಕಟೆಗೆ ತಂದು ನಿಲ್ಲಿಸಿದ ಈ ಮಹನೀಯರನ್ನು ವರ್ಷಕ್ಕೊಮ್ಮೆಯಾದರೂ ನೆನೆಯುವುದು ಯುಕ್ತವೆಂದು ತೋರುತ್ತದೆ.

ದಾದಾಭಾಯಿಯವರು ಹುಟ್ಟಿದ್ದು 1825ನೆಯ ಸಪ್ಟೆಂಬರ 4ರಂದು, ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಾಣಿಕಬಾಯಿ ಅಕ್ಷರ ಬಲ್ಲವರಲ್ಲ. ಆದರೆ ಮಗನಿಗೆ ಅಕ್ಷರ ತಪ್ಪಬಾರದೆಂದು ಹಟ ಹಿಡಿದವರು. ಅಂದಿನ ಮುಂಬಯಿಯ ಶಾಲೆಯಲ್ಲಿ ಫೀ ಇರಲಿಲ್ಲವಾದ್ದರಿಂದ ಹುಡುಗನ ಓದು ಸಾಗಿತು. ಬಡವರು ಕೊಟ್ಟ ಹಣದಿಂದ ತಾನು ಓದಿದೆ, ಅದು ತನ್ನ ಮೇಲಿರುವ ಋಣ ಎಂಬ ಭಾವನೆ ಅವರ ಮನಸ್ಸಿನಲ್ಲಿ ಆಗಲೇ ಬೇರೂರಿತು. ಅವರ ಮುಂದಿನ ಬಾಳೆಲ್ಲವೂ ಈ ಋಣದ ಸಂದಾಯವೇ ಎನ್ನಬಹುದು.

ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಕಲಿತು, ಮೂವತ್ತು ತುಂಬುವ ಹೊತ್ತಿಗೆ ಅಲ್ಲಿಯೇ ಗಣಿತದ ಪ್ರಾಧ್ಯಾಪಕರಾದರು. ಭಾರತೀಯನೊಬ್ಬನಿಗೆ ಆ ಪದವಿ ದೊರೆತದ್ದು ಅದೇ ಮೊದಲು. ಗೆಳೆಯರೊಡನೆ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. 1851ರಲ್ಲಿ ‘ರಾಸ್ತ್ ಗೊಫ್ತಾರ್’ ಪತ್ರಿಕೆಯನ್ನು ಹೊರಡಿಸಿದರು. 1855ರಲ್ಲಿ ಕಾಮಾ ಮನೆತನದ ವ್ಯಾಪಾರದಲ್ಲಿ ಪಾಲುದಾರರಾಗಿ ವಿಲಾಯತಿಗೆ ಹೋದರು. ಅಫೀಮು, ಮದ್ಯಗಳಿಂದ ಬರುವ ಲಾಭ ತಮಗೆ ಬೇಡವೆಂದು ಕೆಲವೇ ವರ್ಷಗಳಲ್ಲಿ ಪಾಲುದಾರಿಕೆ ಬಿಟ್ಟು, ಸ್ವಂತ ಹತ್ತಿಯ ವ್ಯಾಪಾರ ಹೂಡಿದರು. ಲಾಭವೆಂದರೆ ಸಾಕೇ, ಅದು ಯಾರ ಜೇಬಿನಿಂದ ಬಂತು ಎಂದು ಕೇಳಬೇಡವೇ? ಈ ಪ್ರಶ್ನೆಯನ್ನೇ ಅವರು ಮುಂದೆ ಬ್ರಿಟಿಷ್ ಸರಕಾರಕ್ಕೆ ಹಾಕಿದರು.

1867ರಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಅಸೋಸಿಯೇಶನ್ನಿನ ಸಭೆಯಲ್ಲಿ, ಇಂಗ್ಲಂಡವು ಭಾರತಕ್ಕೆ ತೀರಿಸಬೇಕಾದ ಸಾಲವನ್ನು ಕುರಿತು ಅವರು ಒಂದು ಪ್ರಬಂಧ ಓದಿದರು. ಭಾರತದಲ್ಲಿ ವಸೂಲಾಗುವ ಕಂದಾಯದ ಸುಮಾರು ನಾಲ್ಕನೆಯ ಒಂದು ಪಾಲು ದೇಶ ಬಿಟ್ಟು ಹೋಗುತ್ತಿದೆ ಎಂಬುದು ಅದರ ತಿರುಳು. ಸಂಪತ್ತಿನ ಸೋರುವಿಕೆ ಎಂದು ಪ್ರಸಿದ್ಧವಾದ ವಾದ ಇದೇ.

ಈ ಸೋರುವಿಕೆಯ ಬಗೆಯನ್ನು ಬ್ಯಾಂಕಿನವರಾದ ನಾವು ಸ್ವಲ್ಪ ಬಿಡಿಸಿ ಹೇಳಬಯಸುತ್ತೇವೆ. ಇಂಗ್ಲಿಷ್ ಅಧಿಕಾರಿಗಳ ನಿವೃತ್ತಿ ವೇತನ, ಸೈನ್ಯದ ವೆಚ್ಚ, ರೈಲ್ವೆಯ ಬಂಡವಾಳಗಾರರಿಗೆ ಸರಕಾರ ಖಾತ್ರಿ ಕೊಟ್ಟ ಬಡ್ಡಿ, ಲಂಡನ್ನಿನ ಇಂಡಿಯಾ ಕಚೇರಿಯ ಖರ್ಚು, ಇವೆಲ್ಲವೂ ಭಾರತದ ಲೆಕ್ಕಕ್ಕೆ ಬೀಳುತ್ತಿದ್ದವು. ಈ ಹಣ ತೆರುವುದಕ್ಕಾಗಿ ಲಂಡನ್ನಿನಲ್ಲಿ ಕೌನ್ಸಿಲ್ ಬಿಲ್ಲು ಎಂಬ ಹುಂಡಿಗಳನ್ನು ಮಾರುತ್ತಿದ್ದರು. ನಮ್ಮ ಹತ್ತಿ, ಗೋದಿ ಕೊಳ್ಳುವ ವಿಲಾಯತಿಯ ವ್ಯಾಪಾರಿ ಪೌಂಡು ಕೊಟ್ಟು ಹುಂಡಿ ಕೊಳ್ಳುವನು. ಪೌಂಡು ಅಲ್ಲಿಯೇ ಉಳಿಯುವುದು. ಹುಂಡಿ ಇಲ್ಲಿಗೆ ಬಂದಾಗ ನಮ್ಮ ಖಜಾನೆ ರೂಪಾಯಿ ಕೊಡುವುದು. ಆ ರೂಪಾಯಿ ನಮ್ಮ ರೈತ ಕಟ್ಟಿದ ಕಂದಾಯದ್ದೇ. ಎಂದರೆ, ಬೆಳೆದವನೂ ರೈತ, ಆ ಬೆಳೆಯ ಬೆಲೆ ತೆತ್ತವನೂ ರೈತ. ವ್ಯಾಪಾರದಲ್ಲಿ ಲಾಭ ಮಾಡುವ ದೇಶಕ್ಕೆ ಕಳಿಸಿದುದಕ್ಕಿಂತ ಹೆಚ್ಚು ಮಾಲು ತಿರುಗಿ ಬರಬೇಕು. ಭಾರತಕ್ಕೆ ವರ್ಷ ವರ್ಷವೂ ಕಡಿಮೆ ಬರುತ್ತಿದೆಯೇಕೆ, ಎಂದು ದಾದಾಭಾಯಿಯವರು ಕೇಳಿದರು. ಹಣದೊಡನೆ ಅನುಭವವೂ ಹೊರಗೆ ಹೋಗುತ್ತದೆ. ಆಡಳಿತ ಕಲಿತ ಅಧಿಕಾರಿ ತನ್ನ ದೇಶಕ್ಕೆ ಮರಳಿದರೆ ಆ ಜಾಣ್ಮೆ ಇಲ್ಲಿ ಉಳಿಯದು, ಇದೂ ನಷ್ಟವೇ ಎಂದು ತೋರಿಸಿದರು.

1876ರಲ್ಲಿ ಅವರು ಮುಂಬಯಿಯಲ್ಲಿ ಭಾರತದ ಬಡತನವನ್ನು ಕುರಿತ ಪ್ರಬಂಧವನ್ನು ಓದಿದರು. ಅದಕ್ಕೆ ಆಧಾರ ಸರಕಾರದವೇ ವರದಿಗಳು. ಆದರೆ ವರದಿಗಳ ಸರಾಸರಿಯೇ ತಪ್ಪೆಂದು ಗಣಿತದ ಈ ಮೇಷ್ಟ್ರು ಹಿಡಿದರು. ಒಂದು ಜಿಲ್ಲೆಯಲ್ಲಿ 1 ಲಕ್ಷ ಎಕರೆ, ಎಕರೆಗೆ 10 ರೂಪಾಯಿ ಬೆಳೆ. ಇನ್ನೊಂದರಲ್ಲಿ 10 ಸಾವಿರ ಎಕರೆ, ಎಕರೆಗೆ 20 ರೂಪಾಯಿ ಬೆಳೆ ಎನ್ನೋಣ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 15 ಆಯಿತು. ಎಕರೆಗಳನ್ನು ಗಣಿಸಿ ಲೆಕ್ಕ ಹಾಕಿದರೆ 11 ಕೂಡ ಬಾರದು. ಸರಕಾರದ ವರದಿಗಳು ಮೊದಲನೆಯ ದಾರಿ ಹಿಡಿದಿದ್ದವು. ಲೆಕ್ಕ ಸರಿಪಡಿಸಿ ನೋಡಿದಾಗ, 1867ರಿಂದ 1870ರ ಅವಧಿಯಲ್ಲಿ ಬ್ರಿಟಿಷ್ ಭಾರತದ ತಲಾ ಉತ್ಪನ್ನ ವರ್ಷಕ್ಕೆ ಸುಮಾರು 20 ರೂಪಾಯಿಯೆಂದು ತಿಳಿಯಿತು. ಬಳಿಕ ಅವರು ಸೆರೆಮನೆಗಳ ಲೆಕ್ಕ ತೆಗೆದರು. ಕೈದಿಯೊಬ್ಬನ ಅನ್ನ ಬಟ್ಟೆಗೆ ಆಗುವ ಖರ್ಚು ಅದಕ್ಕಿಂತ ಹೆಚ್ಚಾಗಿತ್ತು. ತಪ್ಪು ಮಾಡಿ ಒಳಗೆ ಹೋದವನ ಮಟ್ಟಿಗೂ ಹೊರಗೆ ದುಡಿಯುವವನು ಉಣ್ಣಲಾರ! ಇಂಥ ಮಾತಿಗೆ ಅಲಂಕಾರ ಬೇಕಿಲ್ಲ.

ಆ ವರ್ಷವೇ ಬರ ಕಾಲಿಟ್ಟಿತು. ನಮ್ಮ ನಾಡಿನ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನಡುಗುತ್ತ ನೆನೆಯುತ್ತಿದ್ದುದು ಇದನ್ನೇ. ಕನ್ನಡ ನಾಡು ಆಗ ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರೂ ಹಸಿವಿಗೆ ಗಡಿಯಿರಲಿಲ್ಲ. ಧಾರವಾಡ, ವಿಜಾಪುರ, ಬಳ್ಳಾರಿಗಳು ಬೆಂದುವು. ಆಗ ಬ್ರಿಟಿಷ್ ಕಮಿಶನರರ ಕೈಯಲ್ಲಿದ್ದ ಮೈಸೂರಿನಲ್ಲಿ 50 ಲಕ್ಷ ಜನರ ಪೈಕಿ ಸುಮಾರು 10 ಲಕ್ಷ ಮಂದಿ ಅಳಿದರು. 1877ರ ಜನವರಿ 1ರಂದು ದಿಲ್ಲಿಯಲ್ಲಿ ಲಿಟ್ಟನ್ ಪ್ರಭು ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಸಿದರು. ಅದೇ ವರ್ಷ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು 1 ಪೌಂಡು, ಎಂದರೆ ಅರ್ಧ ಕಿಲೋಕ್ಕೂ ಕಡಿಮೆ ಧಾನ್ಯ ಮತ್ತು 1 ಆಣೆಗೆ ಇಳಿಸಿದರು. ಧಾನ್ಯದ ಹಡಗುಗಳು ಮಾತ್ರ ಬಂದರಿನಿಂದ ಹೊರಡುತ್ತಲೇ ಇದ್ದವು. ಮಳೆ ತಪ್ಪಿದ್ದು ದೈವದ ಮಾತು. ಆದರೆ ಒಂದು ಮಳೆ ತಪ್ಪಿದರೆ ತಡೆದುಕೊಳ್ಳುವಷ್ಟು ಕಾಳು-ಕಾಸು ರೈತನ ಮನೆಯಲ್ಲಿ ಉಳಿಯದೆ ಹೋದದ್ದು ದೈವದ ಮಾತಲ್ಲವೆಂಬುದೇ ದಾದಾಭಾಯಿಯವರ ವಾದ.

ಈ ವಾದವನ್ನು ಅವರು ಬ್ರಿಟಿಷರ ಮನೆಯಂಗಳಕ್ಕೇ ಕೊಂಡೊಯ್ದರು. 1886ರಲ್ಲಿ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತರು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದರು. ಐ.ಸಿ.ಎಸ್. ಪರೀಕ್ಷೆ ಭಾರತದಲ್ಲಿಯೂ ನಡೆಯಬೇಕೆಂಬ ನಿರ್ಣಯ 1893ರಲ್ಲಿ ಕಾಮನ್ಸ್ ಸಭೆಯಲ್ಲಿ ಗೆದ್ದಿತು. ಸರಕಾರ ಅದನ್ನು ಜಾರಿಗೆ ತರಲಿಲ್ಲ. 1895ರಲ್ಲಿ ಭಾರತದ ವೆಚ್ಚವನ್ನು ವಿಚಾರಿಸಲು ನೇಮಕವಾದ ವೆಲ್ಬಿ ಆಯೋಗದ ಸದಸ್ಯರಾದರು. ಬಹುಮತದ ವರದಿಗೆ ಒಪ್ಪದೆ ಇಬ್ಬರು ಸಂಗಡಿಗರೊಡನೆ ಬೇರೆ ವರದಿ ಬರೆದರು. 1901ರಲ್ಲಿ ಅವರ ಲೇಖನಗಳೆಲ್ಲ ಒಂದು ದೊಡ್ಡ ಗ್ರಂಥವಾಗಿ ಹೊರಬಂದವು.

ಸೋರಿದ ಮೊತ್ತವೆಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ಇಂದಿಗೂ ವಾದಿಸುತ್ತಾರೆ. ದಾದಾಭಾಯಿಯವರು ಬ್ರಿಟಿಷರ ನ್ಯಾಯಬುದ್ಧಿಯನ್ನು ಬಹುಕಾಲ ನಂಬಿದರೆಂಬ ಆಕ್ಷೇಪವೂ ಉಂಟು. ಅದು ಸುಳ್ಳಲ್ಲ. ಲೆಕ್ಕ ತೋರಿಸಿದರೆ ಸಾಲಗಾರ ನಾಚುವನೆಂದು ಅವರು ನಾಲ್ವತ್ತು ವರ್ಷ ಕಾದರು. ಸಾಲಗಾರ ನಾಚಲಿಲ್ಲ. 1906ರಲ್ಲಿ, 81ರ ವಯಸ್ಸಿನಲ್ಲಿ, ಮೂರನೆಯ ಸಲ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕಲಕತ್ತೆಯಲ್ಲಿ ನಿಂತು ಸ್ವರಾಜ್ಯವೇ ನಮ್ಮ ಗುರಿಯೆಂದು ಸಾರಿದರು. ಮರುವರ್ಷ ತಾಯ್ನಾಡಿಗೆ ಮರಳಿ ವರ್ಸೋವಾದಲ್ಲಿ ನೆಲೆಸಿದರು. 1917ರ ಜೂನ 30ರಂದು ಮುಂಬಯಿಯಲ್ಲಿ ಕಾಲವಾದರು.

ಬ್ಯಾಂಕಿನ ಖಾತೆಯಲ್ಲಿ ಎರಡೂ ಬದಿ ತಾಳೆಯಾದರೆ ನಮಗೆ ಸಮಾಧಾನ, ಮನೆಗೆ ಹೋಗುತ್ತೇವೆ. ಅಂದಿನ ಸರಕಾರದ ಖಾತೆಗಳೂ ತಾಳೆಯಾಗಿಯೇ ಇದ್ದವು. ಬಳ್ಳಾರಿಯಲ್ಲೋ ಕೋಲಾರದಲ್ಲೋ ಹಸಿದು ಸತ್ತವನ ಹೆಸರು ಮಾತ್ರ ಯಾವ ಬದಿಯಲ್ಲಿಯೂ ಇರಲಿಲ್ಲ. ಅವನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ದಾದಾಭಾಯಿಯವರು ಪಟ್ಟು ಹಿಡಿದರು. ಬರದಲ್ಲಿ ಉಳಿದುಕೊಂಡವರ ಮೊಮ್ಮಕ್ಕಳ ಮಕ್ಕಳಾದ ನಾವು, ಒಂದಾದ ಕನ್ನಡ ನಾಡಿನ ಹಬ್ಬವನ್ನು ಈ ಮುಂಬಯಿಯಲ್ಲಿ ಆಚರಿಸುವಾಗ, ಅವರ ಪ್ರತಿಮೆಯ ಮುಂದೆ ಒಂದು ಗಳಿಗೆ ನಿಂತು ಹೋಗೋಣ. ಅವರಿಗೆ ನಾವು ತೀರಿಸಬೇಕಾದ ಬಾಕಿ ಇನ್ನೂ ಉಳಿದಿದೆ.