ವಿಕ್ಟರ್ ಹೆಸ್: ಆಕಾಶದಾಚೆಯ ಕಿರಣಗಳನ್ನು ಅರಸಿದ ವಿಜ್ಞಾನಿ

ಹಗಲಿರುಳೆನ್ನದೆ ನಮ್ಮ ಮೇಲೆ ಕಣ್ಣಿಗೆ ಕಾಣದ ಕಣಗಳ ಮಳೆ ಸುರಿಯುತ್ತಿದೆ. ವಿಶ್ವಕಿರಣಗಳೆಂದು ಕರೆಯಲಾಗುವ ಇವುಗಳ ಮೂಲ ಭೂಮಿಯಲ್ಲಿಲ್ಲವೆಂದು ತೋರಿಸಿಕೊಟ್ಟ ವಿಕ್ಟರ್ ಹೆಸ್ ಅವರನ್ನು ನಮ್ಮ ಶಾಲಾ ಮಕ್ಕಳಿಗೆ ಇಂದು ಪರಿಚಯಿಸುತ್ತಿದ್ದೇವೆ.

ಹೆಸ್ 1883ರ ಜೂನ್ 24ರಂದು ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಗ್ರಾಜ್ ನಗರದಲ್ಲಿ ಓದು ಮುಗಿಸಿ, ಮುಂದೆ ವಿಯೆನ್ನಾದ ರೇಡಿಯಂ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಗಾಳಿಯಲ್ಲಿ ಕಂಡುಬರುವ ವಿಕಿರಣವು ನೆಲದೊಳಗಿನ ವಿಕಿರಣಶೀಲ ವಸ್ತುಗಳಿಂದ ಹೊರಡುತ್ತದೆಂದು ಆಗಿನ ಬಹುಪಾಲು ವಿಜ್ಞಾನಿಗಳು ನಂಬಿದ್ದರು. ಹಾಗಿದ್ದರೆ ಮೇಲೇರಿದಂತೆಲ್ಲ ಅದು ಕ್ಷೀಣಿಸಬೇಕಿತ್ತು. ಇದನ್ನು ಪರೀಕ್ಷಿಸಲು ಹೆಸ್ ತಾವೇ ಬಲೂನ್ ಏರಿದರು. 1912ರ ಏಪ್ರಿಲ್ 17ರ ಸೂರ್ಯಗ್ರಹಣದ ವೇಳೆಯಲ್ಲಿ ಹಾರಿದಾಗ ವಿಕಿರಣ ತಗ್ಗಲಿಲ್ಲ. ಆದ್ದರಿಂದ ಸೂರ್ಯನು ಅದರ ಮುಖ್ಯ ಮೂಲವಲ್ಲವೆಂದು ತಿಳಿದರು. ಆಗಸ್ಟ್ 7ರಂದು ಹೈಡ್ರೋಜನ್ ತುಂಬಿದ ಬಲೂನಿನಲ್ಲಿ ಇಬ್ಬರು ಸಂಗಡಿಗರೊಡನೆ ಬೊಹೀಮಿಯಾದ ಔಸಿಗ್‌ನಿಂದ ಹೊರಟು 5,350 ಮೀಟರ್ ಎತ್ತರವನ್ನು ಮುಟ್ಟಿದರು. ಮೊದಲು ತುಸು ಇಳಿದ ವಿಕಿರಣ ಬಳಿಕ ಏರುತ್ತಲೇ ಹೋಗಿ, ಐದು ಕಿಲೋಮೀಟರ್ ಎತ್ತರದಲ್ಲಿ ನೆಲಮಟ್ಟದ ಸುಮಾರು ಎರಡರಷ್ಟಾಯಿತು. ಅದು ಮೇಲಿನಿಂದಲೇ ಬರುತ್ತಿತ್ತು.

ಹಲವರು ಸಂಶಯಪಟ್ಟರೂ ಮುಂದಿನ ಪ್ರಯೋಗಗಳು ಹೆಸ್ ಅವರ ಮಾತನ್ನೇ ಸಮರ್ಥಿಸಿದವು. 1936ರಲ್ಲಿ ಕಾರ್ಲ್ ಆಂಡರ್ಸನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಎರಡೇ ವರ್ಷಗಳಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. ಹೆಸ್ ಅವರ ಪತ್ನಿ ಯಹೂದಿ ಮನೆತನದವರು. ಗ್ರಾಜ್ ವಿಶ್ವವಿದ್ಯಾಲಯದ ಹುದ್ದೆಯಿಂದ ವಜಾಗೊಂಡ ಅವರು ಪತ್ನಿಯೊಡನೆ ತಾಯ್ನಾಡನ್ನು ತೊರೆದು, ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಬೋಧನೆ, ಸಂಶೋಧನೆಗಳನ್ನು ಮುಂದುವರಿಸಿದರು. 1944ರಲ್ಲಿ ಅಮೆರಿಕದ ಪೌರತ್ವ ಪಡೆದರು. 1964ರ ಡಿಸೆಂಬರ್ 17ರಂದು ಅಲ್ಲಿಯೇ ನಿಧನರಾದರು.

ಕಿರಣಗಳು ಮೇಲಿನಿಂದ ಬರುತ್ತವೆ ಸರಿ, ಎಷ್ಟು ದೂರದಿಂದ? ಅವುಗಳಲ್ಲಿ ಬಹುಪಾಲು ನಮ್ಮ ಕ್ಷೀರಪಥದೊಳಗೇ, ಸಿಡಿದ ನಕ್ಷತ್ರಗಳ ಬಳಿ ಶಕ್ತಿ ಪಡೆಯುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಅತ್ಯಂತ ಶಕ್ತಿಯುತ ಕಣಗಳ ಕಥೆ ಬೇರೆ. ಅರ್ಜೆಂಟೀನಾದಲ್ಲಿ ಸುಮಾರು 3,000 ಚದರ ಕಿಲೋಮೀಟರ್ ಹರಡಿರುವ ಪಿಯರ್ ಓಜೆ ವೀಕ್ಷಣಾಲಯವು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವು ಬರುವ ದಿಕ್ಕು ಕ್ಷೀರಪಥದ ಹೊರಗಿನ ಮೂಲವನ್ನೇ ಸೂಚಿಸುತ್ತದೆ. ಯಾವ ಗೆಲಾಕ್ಸಿ, ಯಾವ ಕಾಯ ಎಂಬುದು ಇನ್ನೂ ಬಗೆಹರಿದಿಲ್ಲ.

ನಮ್ಮ ನೀಲಗಿರಿಯ ಊಟಿಯಲ್ಲಿಯೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯವೊಂದು ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದೆ. ಹೆಸ್ ಆರಂಭಿಸಿದ ಹುಡುಕಾಟ ನಮ್ಮ ನೆರೆಯ ಬೆಟ್ಟದ ಮೇಲೆಯೂ ನಡೆದಿದೆ. ಅದನ್ನು ಮುಂದುವರಿಸುವವರಲ್ಲಿ ನಮ್ಮ ಕನ್ನಡ ಶಾಲೆಗಳ ಮಕ್ಕಳೂ ಇರಲೆಂದು ಹಾರೈಸುತ್ತೇವೆ.