ಸಹಕಾರಪಥದಲ್ಲಿ ಹಳಕಟ್ಟಿಯವರು

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ವಚನಸಾಹಿತ್ಯವು. ತಾಡವೋಲೆಗಳಲ್ಲಿ ಅಡಗಿದ್ದ ಶರಣರ ನುಡಿಗಳನ್ನು ಕೂಡಿಸಿ ಅಚ್ಚಿಗೆ ತಂದ ಆ ಮಹನೀಯರನ್ನು ನಾಡು ವಚನಪಿತಾಮಹರೆಂದು ಗೌರವಿಸಿದೆ. ಅದೇ ಕೈಗಳು ಜನಸಾಮಾನ್ಯರ ಉಳಿತಾಯಕ್ಕೂ ಒಂದು ನೆಲೆಯನ್ನು ಕಟ್ಟಿದವೆಂಬುದನ್ನು ಬಲ್ಲವರು ವಿರಳ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಅವರ ಬಾಳಿನ ಈ ಭಾಗವನ್ನು ವಿಶೇಷವಾಗಿ ಮನನಮಾಡತಕ್ಕದ್ದಿದೆ.

ಹಳಕಟ್ಟಿಯವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಪಡೆದು, 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು.

ಆ ಕಾಲದ ಒಕ್ಕಲಿಗನ ಸ್ಥಿತಿಯು ಶೋಚನೀಯವಾಗಿದ್ದಿತು. ಬರ ಬಂದರೆ ಸಾವುಕಾರನೇ ಗತಿ. ಲೆಕ್ಕದ ವಹಿಯು ಮೋಡಿ ಲಿಪಿಯಲ್ಲಿದ್ದರೆ ಕನ್ನಡ ಓದಬಲ್ಲವನಿಗೂ ಅದು ಅರ್ಥವಾಗದು. ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವುದೇ ಅವನ ಪಾಡು. ಸಾಲದ ಸಂಕಟವು ಎಷ್ಟಿತ್ತೆಂದರೆ, 1875ರ ದಖ್ಖನದ ದಂಗೆಯ ತರುವಾಯ ಸರಕಾರವು 1879ರಲ್ಲಿ ಒಕ್ಕಲಿಗರ ರಕ್ಷಣೆಗಾಗಿ ವಿಶೇಷ ಕಾಯಿದೆಯನ್ನು ತರಬೇಕಾಯಿತು. ಆ ಕಾಯಿದೆ ಮೊದಲು ಅನ್ವಯಿಸಿದ ನಾಲ್ಕು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. 1904ರಲ್ಲಿ ಪತ್ತಿನ ಸಹಕಾರಿ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಗ್ರಾಮಸಂಘವನ್ನು ತೆರೆದು ದಾರಿ ತೋರಿದರು.

ಅದೇ ದಾರಿಯಲ್ಲಿ ಹಳಕಟ್ಟಿಯವರು ನಡೆದರು. 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದರು. ಸಹಕಾರದ ತತ್ತ್ವವು ಸರಳವಾದುದು. ಸದಸ್ಯರು ಶೇರು ಕೊಳ್ಳುವರು. ಸಣ್ಣ ಸಣ್ಣ ಠೇವಣಿಗಳು ಕೂಡಿ ಬಂಡವಾಳವಾಗುವುದು. ಪರಸ್ಪರ ಬಲ್ಲವರೇ ಜಾಮೀನು ನಿಲ್ಲುವುದರಿಂದ, ಅಡವಿಡಲು ಆಸ್ತಿಯಿಲ್ಲದವನಿಗೂ ಸಾಲ ದೊರೆಯುವುದು. ಬ್ಯಾಂಕಿಗೆ ಇಟ್ಟ ಹೆಸರೂ ಅರ್ಥಪೂರ್ಣವಾದುದು. ಮಕರ ಸಂಕ್ರಮಣದ ಕಾಲಕ್ಕೆ ಸೊಲ್ಲಾಪುರದಂತೆ ವಿಜಾಪುರದಲ್ಲಿಯೂ ಸಿದ್ಧೇಶ್ವರನ ಜಾತ್ರೆ ನೆರೆಯುವುದಷ್ಟೆ!

1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು. ಬ್ಯಾಂಕನ್ನು ಕಟ್ಟಿದವರು ತಮಗಾಗಿ ಸಂಪತ್ತನ್ನು ಕೂಡಿಡಲಿಲ್ಲ. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರ ಜೀವಿತಕಾಲದಲ್ಲಿಯೇ ಗಡಿಗಳು ಬದಲಾದವು. 1912ರಲ್ಲಿ ವಿಜಾಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಕ್ಕಲಕೋಟೆಯು ಬೇರೆ ಸಂಸ್ಥಾನವಾಗಿದ್ದಿತು. 1948ರಲ್ಲಿ ಆ ಸಂಸ್ಥಾನವು ಮುಂಬಯಿಯಲ್ಲಿ ವಿಲೀನವಾಯಿತು. 1956ರಲ್ಲಿ ವಿಜಾಪುರವು ಮೈಸೂರು ರಾಜ್ಯಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಈಚೆ ಉಳಿದವು. ಹೊಟಗಿಯಿಂದ ವಿಜಾಪುರಕ್ಕೆ ರೈಲು ಮೊದಲಿನಂತೆಯೇ ಓಡುತ್ತಿದೆ; ಬೀಗತನಗಳೂ ನಡೆದಿವೆ. ಆದರೆ ಸಹಕಾರವು ರಾಜ್ಯಗಳ ಅಧಿಕಾರದ ವಿಷಯವಾದುದರಿಂದ, ಒಂದು ರಾಜ್ಯದಲ್ಲಿ ನೋಂದಾಯಿತವಾದ ಸಂಘವು ತನ್ನ ಕಾರ್ಯಕ್ಷೇತ್ರವನ್ನು ನೆರೆರಾಜ್ಯಕ್ಕೆ ವಿಸ್ತರಿಸಬೇಕಾದರೆ ಬಹುರಾಜ್ಯ ಸಹಕಾರಿ ಕಾಯಿದೆಯನ್ನು ಆಶ್ರಯಿಸಬೇಕು. ಸದ್ಯ 2002ರ ಕಾಯಿದೆಯು ಜಾರಿಯಲ್ಲಿದೆ.

ಇಂದು ಮೊಬೈಲಿನ ಮೂಲಕ ಹಣವು ಕ್ಷಣಾರ್ಧದಲ್ಲಿ ಗಡಿ ದಾಟುತ್ತದೆ. ಭಾಷೆಯು ಮಾತ್ರ ಗಡಿಯಲ್ಲಿಯೇ ತಡೆಯುತ್ತದೆ. ಬ್ಯಾಂಕುಗಳ ಅರ್ಜಿಗಳು ಹಿಂದಿ, ಇಂಗ್ಲಿಷುಗಳೊಡನೆ ರಾಜ್ಯದ ಭಾಷೆಯಲ್ಲಿರಬೇಕೆಂಬುದು ನಿಯಮ. ಇಲ್ಲಿ ಅದು ಮರಾಠಿ. ಅಕ್ಕಲಕೋಟೆಯ ಹಳ್ಳಿಯಲ್ಲಿ ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಸಾಲಪತ್ರವು ಹಿಂದಿನ ಮೋಡಿ ವಹಿಯಂತೆಯೇ ಒಗಟು. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ; ಅದು ನೆರೆಮನೆಯ ನುಡಿ, ಅದನ್ನೂ ಕಲಿಯೋಣ. ಆದರೆ ಸಹಿ ಹಾಕುವವರಿಗೆ ಸಾಲದ ಕರಾರು ತಿಳಿಯಲೇಬೇಕು. ಕನ್ನಡದಲ್ಲಿಯೂ ಅರ್ಜಿ, ತಿಳಿವಳಿಕೆಪತ್ರಗಳು ದೊರೆಯುವಂತೆ ಗಡಿನಾಡ ಸಂಘಗಳು ವಿನಯದಿಂದಲೂ ದೃಢತೆಯಿಂದಲೂ ಕೇಳತಕ್ಕದ್ದು. ಅಲ್ಲಿಯವರೆಗೆ ಓದುಬರಹ ಬಲ್ಲ ತರುಣರು ವಾರಕ್ಕೊಮ್ಮೆ ಕುಳಿತು, ನೆರೆಯವರಿಗೆ ಪಾಸುಬುಕ್ಕು, ಬಡ್ಡಿ, ವಿಮೆಗಳ ಕಾಗದಗಳನ್ನು ಓದಿ ವಿವರಿಸಲಿ. ಹಳಕಟ್ಟಿಯವರ ಸ್ಮರಣೆಗೆ ಇದು ತಕ್ಕ ಸೇವೆಯಾದೀತು.