ಮೊಬೈಲ್ ಸಿಗದ ಮನೆಗೂ ಟಿ.ವಿ. ಬರುವುದು ಹೇಗೆ? ವಿಕ್ರಮ್ ಸಾರಾಭಾಯಿ ತೋರಿದ ದಾರಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಒಳಊರುಗಳಲ್ಲಿ ನಾವು ಒಂದು ವಿಚಿತ್ರ ಕಾಣುತ್ತೇವೆ. ಗುಡ್ಡದ ಬುಡದ ತೋಟದ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಆದರೆ ಮಾಡಿನ ಮೇಲಿನ ಡಿಶ್‌ನಿಂದ ಟಿ.ವಿ. ಸ್ಪಷ್ಟವಾಗಿ ಬರುತ್ತದೆ.

ಮೊಬೈಲ್ ಸಿಗ್ನಲ್ ಕೂಡ ಉಪಗ್ರಹದಿಂದಲೇ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಅದು ಬರುವುದು ಹತ್ತಿರದ ಟವರಿನಿಂದ; ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಡಿಶ್‌ಗೆ ಸಂಕೇತ ಇಳಿಯುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ. ಅದು ನಮ್ಮ ಆಕಾಶದಲ್ಲಿ ಸಾಕಷ್ಟು ಮೇಲೆಯೇ ಇರುವುದರಿಂದ ಗುಡ್ಡದ ತಡೆ ಕಡಿಮೆ. ಈ ಅನುಕೂಲ ಮೊದಲು ಹಳ್ಳಿಗೆ ಸಿಗಬೇಕೆಂದು ಪಟ್ಟು ಹಿಡಿದವರು ವಿಕ್ರಮ್ ಸಾರಾಭಾಯಿ.

ಅವರು ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಜವಳಿ ಉದ್ಯಮಿಗಳ ಮನೆತನದಲ್ಲಿ. ಕೇಂಬ್ರಿಜ್‌ನಲ್ಲಿ ಓದಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. 1969ರಲ್ಲಿ ಇಸ್ರೋ ಹುಟ್ಟಿತು.

ಬಡ ದೇಶಕ್ಕೆ ರಾಕೆಟ್ ಯಾಕೆ ಎಂಬ ಪ್ರಶ್ನೆ ಆಗಲೂ ಇತ್ತು. ಅವರ ಲೆಕ್ಕ ಸರಳ: ಟಿ.ವಿ. ಕೇಂದ್ರಗಳನ್ನು ನಗರದಿಂದ ಒಂದೊಂದಾಗಿ ಕಟ್ಟುತ್ತಾ ಹೋದರೆ ದೂರದ ಹಳ್ಳಿಯ ಸರದಿ ಕೊನೆಗೆ. ಉಪಗ್ರಹವಾದರೆ ನಗರಕ್ಕೂ ಕುಗ್ರಾಮಕ್ಕೂ ಒಂದೇ ದಿನ ತಲುಪುತ್ತದೆ. ಇದನ್ನು ಪರೀಕ್ಷಿಸಲು 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಫಲ ನೋಡಲು ಅವರು ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು, ವಯಸ್ಸು 52.

1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲಾಪಾಠಗಳನ್ನು ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಪ್ರಸಾರ ಕನ್ನಡದಲ್ಲೇ ಇತ್ತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾಗಳು ಸಂಕೇತ ಹಿಡಿದವು. ಇಂದಿನ ನಮ್ಮ ಡಿಶ್ ಅದೇ ದಾರಿಯ ಮುಂದಿನ ಹೆಜ್ಜೆ.

ಹಾಗಾದರೆ ಮೊಬೈಲಿಗೂ ಅದೇ ಉಪಗ್ರಹ ಸಾಲದೇ? ಟಿ.ವಿ.ಗೆ ಸಂಕೇತ ಪಡೆದರೆ ಸಾಕು. ಫೋನು ಮರಳಿ ಕಳಿಸಲೂಬೇಕು. ಕಿಸೆಯ ಸಾಮಾನ್ಯ ಫೋನಿನ ಶಕ್ತಿ ಅಷ್ಟು ಎತ್ತರಕ್ಕೆ ಸಾಲದು. ಆದ್ದರಿಂದ ಟವರ್ ಬೇಕು. ಮನೆ ಕಡಿಮೆ ಇರುವಲ್ಲಿ ಕಂಪನಿಗೆ ಲಾಭವಿಲ್ಲ. 2021ರಲ್ಲಿ ಸುಳ್ಯದ ಕಡೆಯ ಮಕ್ಕಳು ಆನ್‌ಲೈನ್ ಪಾಠಕ್ಕೆ ಮಳೆಯಲ್ಲೇ ರಸ್ತೆ ಬದಿಗೆ ಬಂದು ಕೂರಬೇಕಾದದ್ದು ಇದರಿಂದಲೇ.

ಈ ನಷ್ಟ ತುಂಬಲೆಂದು ಟೆಲಿಕಾಂ ಕಂಪನಿಗಳ ಆದಾಯದಿಂದ ಪಾಲು ಪಡೆಯುವ ನಿಧಿ 2002ರಿಂದ ಇದೆ. ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಟವರ್ ಕೇಳಿದಾಗ ಗ್ರಾಹಕರು ಸಾಲದು ಎಂಬ ಉತ್ತರ ಬಂದರೆ, ಈ ನಿಧಿಯ ಹೆಸರೆತ್ತಿ ಮತ್ತೆ ಕೇಳುವ ಹಕ್ಕು ನಮಗಿದೆ.